ಟಕೀಲಾ ಉಗುಳಿದ ಸೊರ್ರಪ್ಪ

ಚಹಾ ಕಂಪನಿಯಲ್ಲಿ ರುಚಿ ನೋಡುವುದೇ ಅವನ ಉದ್ಯೋಗ. ದಿನಕ್ಕೆ ಇನ್ನೂರು ಬಟ್ಟಲು. ಪ್ರತಿಯೊಂದರಿಂದ ಒಂದು ಚಮಚ ಸೊರ್ರೆಂದು ಹೀರಬೇಕು, ನಾಲಿಗೆಯ ಮೇಲೆ ಹೊರಳಿಸಬೇಕು, ಪಕ್ಕದ ಪೀಕದಾನಿಗೆ ಉಗುಳಬೇಕು. ನುಂಗುವಂತಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಕೆರೆಯಷ್ಟು ಚಹಾ ಉಗುಳಿದ ಈ ಮಹಾಶೂರನಿಗೆ ಮನೆಯವರು ಕೊಟ್ಟ ಬಿರುದು ಸೊರ್ರಪ್ಪ.

ಅವನ ಭಾವ, ಅಂದರೆ ಅಕ್ಕನ ಗಂಡ, ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಬೀಳ್ಕೊಡುವಾಗ ಕಪ್ತಾನ ಕೊಟ್ಟ ಟಕೀಲಾ ಅವನ ಬೀರುವಿನಲ್ಲಿತ್ತು: ಕತ್ತಾಳೆಯಂಥ ಗಿಡದ ದಿಂಡಿನಿಂದ ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಹನ್ನೊಂದು ವರ್ಷ ಮಲಗಿಸಿದ್ದು. ಹಬ್ಬಕ್ಕಲ್ಲ, ಹುಣ್ಣಿಮೆಗಲ್ಲ, ಮನಸ್ಸು ತೀರಾ ಕೆಟ್ಟಾಗ ಮಾತ್ರ ಒಂದು ಗುಟುಕು. ಕೊನೆಯ ಗುಟುಕು ಉಳಿದಿರುವಾಗ ವೈದ್ಯರು, ಇನ್ನು ಹನಿಯನ್ನೂ ಮುಟ್ಟಬೇಡಿ ಎಂದರು.

ಸೊರ್ರಪ್ಪನಿಗೆ ಕರೆ ಹೋಯಿತು.

"ನನ್ನ ಪಾಲಿಂದು ನೀನು ಕುಡೀಬೇಕು ಕಣೋ," ಎಂದ ಭಾವ, ಶೀಶೆಯನ್ನು ಕೂಸಿನಂತೆ ಎತ್ತಿ ತಂದು. "ರುಚಿ ಗೊತ್ತಿರೋ ನಾಲಿಗೆ ನಿಂದೊಂದೇ. ಕುಡಿದು ಹೇಗಿದೆ ಅಂತ ಹೇಳು, ನನಗಷ್ಟು ಸಾಕು."

"ನಮ್ಮ ಮಗಳನ್ನೂ ಇಷ್ಟು ಜೋಪಾನವಾಗಿ ಎತ್ಕೊಂಡಿರಲಿಲ್ಲ ಇವರು," ಎಂದಳು ಅಕ್ಕ.

ಸೊರ್ರಪ್ಪ ಲೋಟವನ್ನು ಬೆಳಕಿಗೆ ಹಿಡಿದ. ಮೂಸಿದ. ಪಕ್ಕದ ಮನೆಗೂ ಕೇಳುವಂತೆ ಹೀರಿದ. ಸುಟ್ಟ ಸಕ್ಕರೆ, ಹಳೆಯ ಮರ, ಒಣಗಿದ ಕಿತ್ತಳೆ ಸಿಪ್ಪೆ, ಕೊನೆಗೆ ಒಂದಿಷ್ಟು ಮೆಣಸು. ಆಹಾ ಎಂದುಕೊಂಡು, ಎರಡು ಹೆಜ್ಜೆ ನಡೆದು, ಕೈ ತೊಳೆಯುವ ಬೇಸಿನ್ನಿಗೆ ಪಿಚಕ್ಕನೆ ಉಗುಳಿದ.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೂ ಬಂದು ಗಂಟಲಿಗಿಳಿಯಲಿಲ್ಲ.

ಭಾವ ಬೇಸಿನ್ನಿನ ತೂತನ್ನೇ ನೋಡುತ್ತಿದ್ದ. ಅದೇ ತೂತಿನಲ್ಲಿ ತಾನೂ ಇಳಿದುಹೋದರೆ ಸಾಕೆನಿಸಿತು ಸೊರ್ರಪ್ಪನಿಗೆ.

"ತಪ್ಪಾಯ್ತು ಭಾವ. ಅಭ್ಯಾಸ."

ಭಾವ ಶೀಶೆಯನ್ನು ಚಮಚದ ಮೇಲೆ ಬೋರಲು ಹಿಡಿದು ಕಾದ. ಐದು ಹನಿ ಬಿದ್ದವು. "ಇದನ್ನಾದ್ರೂ ನುಂಗು."

"ಬಾಯಿ ನಾನು ಹಿಡ್ಕೊಳ್ಳಲಾ?" ಎಂದಳು ಅಕ್ಕ.

ಸೊರ್ರಪ್ಪ ಔಷಧಿಯಂತೆ ನುಂಗಿದ.

"ಹೇಗಿದೆ?"

ಅವನು ತಲೆ ತಗ್ಗಿಸಿದ. "ಗೊತ್ತಾಗ್ಲಿಲ್ಲ ಭಾವ. ನುಂಗಿದ್ರೆ ನನಗೆ ರುಚಿ ಹತ್ತಲ್ಲ."

"ಹಾಗಾದ್ರೆ ಉಗುಳಿದ್ದರದ್ದೇ ಹೇಳು."

ಹೇಳಿದ. ಸುಟ್ಟ ಸಕ್ಕರೆಯಿಂದ ಮೆಣಸಿನವರೆಗೆ, ಒಂದನ್ನೂ ಬಿಡದೆ. ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದ. ಮೆಣಸಿನ ಮಾತು ಬಂದಾಗ ಅವನ ಗಂಟಲು ಒಮ್ಮೆ ಏರಿ ಇಳಿಯಿತು. ಅದನ್ನು ನೋಡಲಾಗದೆ ಸೊರ್ರಪ್ಪ ಕೈ ತೊಳೆಯುವ ನೆಪದಲ್ಲಿ ಎದ್ದ. ಬೇಸಿನ್ನಿನಿಂದ ಇನ್ನೂ ಆ ಪರಿಮಳ ಬರುತ್ತಿತ್ತು. ನಲ್ಲಿ ತಿರುಗಿಸಲು ಮನಸ್ಸಾಗದೆ ಹಾಗೇ ನಿಂತ.