ಒಲಿಂಡಾಳ ಕತ್ತೆ

ಗಂಡನನ್ನು ನಂಬಿ ಕೆಟ್ಟವರ ಪಟ್ಟಿ ಮಾಡಲು ಕೊಲ್ಲಿ ದೇಶದ ಫಹಾಹೀಲ್‌ನ ನಮ್ಮ ಒಂದೇ ಕಟ್ಟಡ ಸಾಕು. ಒಲಿಂಡಾಳ ಕಥೆಯಲ್ಲಿ ಮಾತ್ರ ಒಂದು ಕತ್ತೆಯೂ ಇದೆ.

2004ರಲ್ಲಿ ಅವಳೂ ಗಂಡ ಎಡ್ವರ್ಡನೂ ನಮ್ಮ ಪಕ್ಕದ ಕೋಣೆಯಲ್ಲಿದ್ದರು. ಅವರದು ಕೊಂಕಣಿ, ನನ್ನದು ತುಳು. ನಮ್ಮ ನಡುವೆ ಕನ್ನಡ. ಅವನು ಫಿಂಟಾಸ್‌ನಲ್ಲಿ ಎಲೆಕ್ಟ್ರಿಷಿಯನ್. ಅವಳು ಸಲ್ವಾದ ಒಂದು ಮನೆಯಲ್ಲಿ ಹೊಲಿಗೆಯವಳು. ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಆ ಮನೆಯದೇ ಆದ್ದರಿಂದ ಹೊರಗೆ ವಾಸ ಮಾಡುವುದು ಕಾನೂನಿಗೆ ವಿರುದ್ಧ. ಮೇಡಂ ಒಳ್ಳೆಯವರು, ಸುಮ್ಮನಿದ್ದರು.

ನಮ್ಮೂರವರ ಸಂಘದ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಗೊಂಬೆ ಸಿನಿಮಾ ಮಾಡುವ ಹುಚ್ಚು ಅವಳಿಗೆ ಹಿಡಿಯಿತು. ಕೊನೆಯಲ್ಲಿ ತನ್ನ ಹೆಸರು ಬರಬೇಕು, ಅಷ್ಟೇ ಆಸೆ. ತಾಮ್ರದ ತಂತಿಗೆ ಸ್ಪಂಜು ಸುತ್ತಿ, ಬೂದು ಬಟ್ಟೆ ಹೊಲಿದು, ಮರಿಯಮ್ಮನನ್ನು ಹೊತ್ತು ಬೆತ್ಲೆಹೇಮಿಗೆ ಹೋಗುವ ಕತ್ತೆ ಮಾಡಿದಳು. ಕಾಲನ್ನು ಒಂಚೂರು ಸರಿಸುವುದು, ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಒಂದು ಸೆಕೆಂಡಿನ ನಡಿಗೆಗೆ ಹನ್ನೆರಡು ಫೋಟೋ. ಮೊದಲ ಸಲ ಕತ್ತೆ ನಡೆಯಲೇ ಇಲ್ಲ, ಜಾರಿತು. ಮರುಶುಕ್ರವಾರದ ರಜೆಯಲ್ಲಿ ಒಲಿಂಡಾ ಚಾಪೆಯ ಮೇಲೆ ತಾನೇ ನಾಲ್ಕು ಕಾಲಲ್ಲಿ ಅತ್ತಿತ್ತ ನಡೆದಳು.

"ಚಂಪಕ್ಕಾ, ಯಾವ ಕೈ ಮೊದಲು ಏಳ್ತದೆ, ಸರಿ ನೋಡಿ ಹೇಳಿ ಆಯ್ತಾ?"

ನಾನು ನಕ್ಕು ನಕ್ಕು ಸುಸ್ತು. ಎಡ್ವರ್ಡ್ ಅಲ್ಲೇ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ.

ಆರು ತಿಂಗಳ ಶುಕ್ರವಾರಗಳು ಹೋಗಿ ನಾಲ್ಕು ನಿಮಿಷದ ಸಿನಿಮಾ ಆಯಿತು. ಆಗ ಎಡ್ವರ್ಡ್ ಹೊಸ ರಾಗ ತೆಗೆದ: ಹೆಸರು ಹಾಕುವುದು ಬೇಡ, ನಾಲ್ಕು ಜನಕ್ಕೆ ಗೊತ್ತಾದರೆ ನಿನ್ನ ಇಕಾಮಾಕ್ಕೆ ತೊಂದರೆ. ಎರಡು ದಿನ ಮುಖ ಊದಿಸಿಕೊಂಡಿದ್ದು ಅವಳು ಒಪ್ಪಿದಳು. ಯಾರ ಹೆಸರೂ ಇರುವುದಿಲ್ಲ ಎಂದೇ ಮಾತಾಗಿತ್ತು.

ಪರದೆಯ ಮೇಲೆ ಕತ್ತೆ ನಡೆದಾಗ ಜನ ಸಿಳ್ಳೆ ಹೊಡೆದರು. ಕೊನೆಗೆ ದೊಡ್ಡ ಅಕ್ಷರಗಳಲ್ಲಿ ಬಂತು: 'ಗೊಂಬೆ, ಚಲನೆ, ನಿರ್ದೇಶನ: ಎಡ್ವರ್ಡ್'. ಅವನು ವೇದಿಕೆ ಹತ್ತಿ, ಶಾಲು ಹೊದಿಸಿಕೊಂಡು, ತಾನು ಆರು ತಿಂಗಳು ನಿದ್ದೆಗೆಟ್ಟದ್ದನ್ನು ವಿವರಿಸಿದ. ನಾಚಿಕೆಗೆಟ್ಟವನು! ಒಲಿಂಡಾ ನನ್ನ ಪಕ್ಕದಲ್ಲಿ ಅಲ್ಲಾಡದೆ ಕುಳಿತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ಯ ಗೊತ್ತಿದ್ದ ನಾನೂ ತಟ್ಟಿದೆ. ಅವಳು ನನ್ನ ಕೈ ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ.

ಸಾಲದ್ದಕ್ಕೆ ಜಾಹೀರಾತು ಕಂಪನಿಯೊಂದು ಅವನನ್ನು ಕರೆಯಿತು. ಗೊಂಬೆ ಒಂಟೆಯೊಂದನ್ನು ನಡೆಸಿ ತೋರಿಸಿದರೆ ಕೆಲಸ ಗ್ಯಾರಂಟಿ. ಶುಕ್ರವಾರ ಬೆಳಿಗ್ಗೆ ತಂತಿ, ಸ್ಪಂಜು ಹೆಂಡತಿಯ ಮುಂದಿಟ್ಟು ಹಲ್ಲು ಕಿರಿದ. ಅವಳು ಮುಟ್ಟಲಿಲ್ಲ. ನನ್ನನ್ನು ಕರೆದ.

"ಚಂಪಕ್ಕಾ, ನೀವಾದ್ರೂ ಹೇಳಿ ಇವಳಿಗೆ. ಇಬ್ರಿಗೂ ಒಳ್ಳೇದಲ್ವಾ?"

ಒಲಿಂಡಾ ಚಾಪೆ ತಂದು ಅವನ ಮುಂದೆ ಹಾಸಿದಳು.

"ಬಗ್ಗು," ಎಂದಳು. "ನಾಲ್ಕು ಕಾಲಲ್ಲಿ ನಡಿ. ಯಾವ ಕೈ ಮೊದಲು ಏಳ್ತದೆ ಅಂತ ಚಂಪಕ್ಕ ನೋಡಿ ಹೇಳ್ತಾರೆ."

ಅವನು ನಗುತ್ತಾ ನನ್ನ ಕಡೆ ತಿರುಗಿದ. ನಾನು ನಗಲಿಲ್ಲ, ಅವನ ಕೈಗಳನ್ನೇ ನೋಡುತ್ತಾ ನಿಂತೆ.