ಕೆರೆಮಣ್ಣಿನ ತಲೆಬುಡ ಬಲ್ಲ ದೊಡ್ಡಮುನಿಯಮ್ಮ

ಹಲಸೂರಿನಲ್ಲಿ ಬೆಳಕು ಹರಿಯುತ್ತಿದೆ. ಆದಿನಾರಾಯಣ ಮೇಷ್ಟರ ಮನೆಯ ಹಿತ್ತಿಲಲ್ಲಿ, ಒಂದು ಕಾಲಕ್ಕೆ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ, ದೊಡ್ಡಮುನಿಯಮ್ಮ ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಉದ್ದಕ್ಕೆ ಸೀಳಿದ ಬಿದಿರು, ಅದರೊಳಗೆ ಎರಡಡಿ ಉದ್ದದ ಹಸಿಮಣ್ಣು. ಕೈಯಲ್ಲಿ ಮೀನಿನ ಮುಳ್ಳಿನಷ್ಟು ತೆಳುವಾದ ಚಾಕು. ಎರಡೆರಡು ಅಂಗುಲಕ್ಕೆ ಒಂದೊಂದು ಚಿಟಿಕೆ ಮಣ್ಣು ತೆಗೆದು ಕಾಗದದ ಪೊಟ್ಟಣ ಕಟ್ಟುತ್ತಾರೆ. ಬಿಸಿಲೇರಿದರೆ ಮಣ್ಣು ಒಣಗಿ ಸೀಳುತ್ತದೆ. ಅದಕ್ಕೇ ಕೋಳಿ ಕೂಗುವ ಹೊತ್ತಿಗೆ ಕೃಷ್ಣರಾಜಪುರದ ಆಚೆಯ ತಮ್ಮ ಹಳ್ಳಿ ಬಿಟ್ಟು, ಮಾರುಕಟ್ಟೆಗೆ ಹೋಗುವ ಸೊಪ್ಪಿನ ಗಾಡಿ ಹತ್ತಿ ಇಲ್ಲಿಗೆ ಬರುತ್ತಾರೆ.

ಈ ಹೆಂಗಸು ಅಕ್ಷರ ಕಲಿತವರಲ್ಲ. ಆದರೆ ಹೋದ ಮಾರ್ಚಿಯಲ್ಲಿ ಇವರು ಆಡಿದ ಒಂದು ಮಾತಿಗೆ ಮೂರು ದೇಶಗಳ ವಿದ್ವಾಂಸರು ದಂಗಾಗಿ ಕುಳಿತರು. ಮೊದಲು ದಂಗಾದವರು ಇವರೇ.

ದೊಡ್ಡಮುನಿಯಮ್ಮ ಕುಂಬಾರರ ಮನೆಯವರು. ಗಂಡ ಬೈಲಪ್ಪ ತಿಗರಿ ತಿರುಗಿಸಿದರೆ ಇವರು ಮಣ್ಣು ತುಳಿದು ಹದ ಮಾಡುತ್ತಿದ್ದರು. ಯುದ್ಧದ ಕಾಲದಲ್ಲಿ ಮಣ್ಣು ತೆಗೆಯುವ ಗುಂಡಿಯ ಸುತ್ತ ಪಟಾಲಮಿನವರು ಮುಳ್ಳುತಂತಿ ಬಿಗಿದರು. ಯುದ್ಧ ಮುಗಿದ ಮೇಲೆ ತಂತಿಯೇನೋ ಹೋಯಿತು. ಅಷ್ಟರಲ್ಲಿ ದಂಡಿನ ಅಂಗಡಿಗಳ ಮುಂದೆ ಅಲ್ಯೂಮಿನಿಯಂ ಪಾತ್ರೆಗಳ ರಾಶಿ ಬಿದ್ದಿತ್ತು. "ಮಡಕೆ ಕೇಳೋರೇ ಇಲ್ಲ. ಸತ್ತೋರ ಮನೆಯೋರು ಮಾತ್ರ ಬರೋರು," ಎನ್ನುತ್ತಾರೆ ಅವರು. ತಿಗರಿ ಗೋಡೆಗೊರಗಿತು. ಬೈಲಪ್ಪ ಬಾವಿ ತೋಡುವವರ ಜೊತೆ ಸೇರಿಕೊಂಡರು.

ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತರಾದ ಆದಿನಾರಾಯಣ ಮೇಷ್ಟರು ಮುನಿಯಮ್ಮನವರ ಊರಿನ ಹುಣಸೆಕಟ್ಟೆ ಕೆರೆಗೆ ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಹೂವಿನ ಪರಾಗ ನೀರಿಗೆ ಬಿದ್ದು ಕೆಸರಿನಲ್ಲಿ ಹೂತರೆ ಎಷ್ಟೋ ಕಾಲ ಕೆಡುವುದಿಲ್ಲವಂತೆ. ಆಳದಿಂದ ಮಣ್ಣು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಿಂದೆ ಇಲ್ಲಿ ಯಾವ ಮರ ಇತ್ತು, ಯಾವ ಬೆಳೆ ಇತ್ತು ಎಂದು ಹೇಳಬಹುದು. ಸ್ವೀಡನ್ ದೇಶದ ವಿಜ್ಞಾನಿಯೊಬ್ಬರು ಈ ವಿದ್ಯೆಯಲ್ಲಿ ಪಳಗಿದವರು. ಪರಾಗದ ಕೆಲಸ ಅವರದು, ಇದ್ದಿಲ ಚೂರುಗಳ ಕೆಲಸ ಇಂಗ್ಲೆಂಡಿನ ಇನ್ನೊಬ್ಬರದು, ಮಣ್ಣು ತೆಗೆದು ಕಳಿಸುವುದು ಇಲ್ಲಿಯ ಮೇಷ್ಟರದು.

ಬೈಲಪ್ಪ ಮತ್ತು ಸಂಗಡಿಗರು ಕಬ್ಬಿಣದ ಕೊಳವೆ ಇಳಿಸಿದರು. ಒಟ್ಟು ಹದಿನೆಂಟು ಅಡಿ, ಮೇಲಿನಿಂದ ಒಂದರ ಕೆಳಗೊಂದರಂತೆ ಒಂಬತ್ತು ಕೊಳವೆ. ಒಳಗಿನ ಮಣ್ಣು ಮುರಿಯದ ಹಾಗೆ ಹೊರದೂಡಿ ಬಿದಿರಿನ ಸೀಳಿನಲ್ಲಿ ಮಲಗಿಸುವುದು ಯಾರಿಗೂ ಆಗಲಿಲ್ಲ. ದಡದಲ್ಲಿ ನಿಂತು ನೋಡುತ್ತಿದ್ದ ದೊಡ್ಡಮುನಿಯಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದರು. "ಹಸುಗೂಸನ್ನ ಎತ್ತೋ ಹಂಗೆ ಎತ್ಬೇಕು ಮೇಷ್ಟ್ರೇ, ಬಿಡಿ," ಎಂದರು. ಅವತ್ತಿನಿಂದ ಆ ಕೆಲಸ ಅವರದಾಯಿತು. ಪ್ರತಿ ಮಣ್ಣಿನ ದಿಂಡನ್ನೂ ಉದ್ದಕ್ಕೆ ಎರಡು ಸೀಳು ಮಾಡಿ, ಮೇಲಿನ ತುದಿಗೆ ಕೆಂಪು ದಾರ ಕಟ್ಟಿ, ಮೇಣದ ಬಟ್ಟೆ ಸುತ್ತಿದರು. ಒಂದು ಸೀಳು ಮದ್ರಾಸಿನಿಂದ ಹಡಗು ಹತ್ತಿತು. ಇನ್ನೊಂದು ಲಾಯದಲ್ಲಿ ಉಳಿಯಿತು.

ಹತ್ತು ತಿಂಗಳ ಮೇಲೆ ಸ್ವೀಡನ್ನಿನಿಂದ ಕಾಗದ ಬಂತು. ಮೇಷ್ಟರು ಹಿಗ್ಗಿ ಹೀರೇಕಾಯಿಯಾಗಿದ್ದರು. ಮುನಿಯಮ್ಮನವರನ್ನು ಕರೆದು ಕನ್ನಡದಲ್ಲೇ ಓದಿ ಹೇಳಿದರು. ತಳದಲ್ಲಿ ದಟ್ಟ ಕಾಡು. ಆಮೇಲೆ ಹೊಲಗದ್ದೆ. ಆಮೇಲೆ, ಆರನೇ ಕೊಳವೆಯ ಮೇಲ್ತುದಿಯಲ್ಲಿ, ಮತ್ತೆ ಕಾಡು. ಕಡಿದ ಕಾಡು ತಾನಾಗಿಯೇ ಮರಳಿ ಬಂದಿತ್ತು. ಇಂಥದ್ದು ಈ ಕಡೆಯಲ್ಲಿ ಎಲ್ಲೂ ಕಂಡಿರಲಿಲ್ಲವೆಂದು, ಬೇಸಿಗೆಯ ಸಭೆಯಲ್ಲಿ ಓದುತ್ತೇನೆಂದು ಆತ ಬರೆದಿದ್ದರು. ಮಣ್ಣನ್ನು ಇಷ್ಟು ಚೆನ್ನಾಗಿ ಇಟ್ಟ ಕೈ ಯಾರದೆಂದೂ ಕೇಳಿದ್ದರು.

"ಕೇಳಿದ್ಯಾ ಮುನಿಯಮ್ಮ? ನಿನ್ನ ಹೆಸರೂ ಅಚ್ಚಾಗುತ್ತೆ," ಎಂದರು ಮೇಷ್ಟರು.

ಮುನಿಯಮ್ಮ ನಗಲಿಲ್ಲ. "ಆರನೇದರ ಮೇಲ್ತುದೀಲಿ ಏನಿತ್ತು ಅಂದ್ರಿ?"

"ಕಪ್ಪು ಎಲೆಮಣ್ಣು."

"ಐದನೇದು ಮುಗಿದಿದ್ದು ಬೂದಿಬಣ್ಣದ ಮಣ್ಣಲ್ಲಿ, ಮೇಷ್ಟ್ರೇ. ಮರಳು ಬೆರೆತಿತ್ತು, ಬೆರಳಿಗೆ ಗೊತ್ತಾಗಿತ್ತು. ಅದರ ಕೆಳಗೆ ಆರನೇದು ಕೂಡಬೇಕಲ್ಲ, ಒಡೆದ ಮಡಕೆ ಚೂರು ಕೂಡಿದ ಹಂಗೆ. ಇದು ಕೂಡಲ್ಲ."

ಅವರು ಲಾಯಕ್ಕೆ ಹೋಗಿ ಆರನೆಯದರ ಮೇಣದ ಬಟ್ಟೆ ಬಿಚ್ಚಿದರು. ಮಣ್ಣಿನಲ್ಲಿ ಹಳೆಯ ಬಿರುಕುಗಳಿದ್ದವು, ಒಳಗೆ ಬಿಳಿ ಮರಳು ತುಂಬಿತ್ತು. ಒಣಗಿದ ಕೆರೆಯಂಗಳದ ಬಿರುಕು ಮೇಲೆ ಬಾಯಿ ಬಿಟ್ಟು ಕೆಳಗೆ ಸೂಜಿಮೊನೆಯಾಗುತ್ತದೆ. ಮಣ್ಣು ತುಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಅಷ್ಟೂ ಬಿರುಕುಗಳ ಬಾಯಿ ಕೆಳಗಿತ್ತು, ಮೊನೆ ಕೆಂಪು ದಾರದ ಕಡೆಗಿತ್ತು.

"ಆಗ ಹೊಳೀತು," ಎನ್ನುತ್ತಾರೆ ಮುನಿಯಮ್ಮ. "ಅವತ್ತು ಆರನೇ ಕೊಳವೆ ಮೇಲೆ ಬರೋ ಹೊತ್ಗೆ ಗುಡುಗು ಮಳೆ ಹುಯ್ತು. ಎಲ್ಲ ಎತ್ಕೊಂಡು ಹುಣಸೆ ಮರದಡಿಗೆ ಓಡಿದ್ವಿ. ದಾರ ಆಮೇಲೆ ಕಟ್ದೆ, ಜ್ಞಾಪಕದ ಮೇಲೆ. ತಲೆಕೆಳಗು ಮಾಡಿ, ತಿರುವಾಗಿ ಇಟ್ಬಿಟ್ಟಿದ್ದೆ."

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೈಲಪ್ಪ ಆ ಸಂಜೆ ಅದನ್ನೇ ಹೇಳಿದರಂತೆ: "ಹೇಳ್ಬಿಟ್ರೆ ಇದ್ದ ಕೆಲ್ಸಾನೂ ಹೋಗುತ್ತೆ ಕಣೆ." ಆದರೆ ಅಷ್ಟರಲ್ಲಿ ಹೇಳಿಯಾಗಿತ್ತು. ಬಿರುಕು ಕಂಡ ಗಳಿಗೆಯಲ್ಲೇ ಮುನಿಯಮ್ಮ ಮೇಷ್ಟರನ್ನು ಕೂಗಿ ಕರೆದು, ಬೆರಳಿಟ್ಟು ತೋರಿಸಿದ್ದರು.

ಮೇಷ್ಟರು ಲಾಯದ ಕಲ್ಲುಚಪ್ಪಡಿಯ ಮೇಲೆ ಕುಸಿದು ಕುಳಿತರಂತೆ. ಅವರನ್ನು ಕಂಗೆಡಿಸಿದ್ದು ತಪ್ಪೊಂದೇ ಅಲ್ಲ. ಆರನೆಯದನ್ನು ಸರಿಯಾಗಿ ತಿರುಗಿಸಿ ಓದಿದರೆ ಕಥೆಯೇ ಬೇರೆ. ತಳದಲ್ಲಿ ಕಾಡು, ಅದರ ಮೇಲೆ ಬೆರಳು ದಪ್ಪ ಇದ್ದಿಲು, ಅದರ ಮೇಲೆ ಹೊಲ, ಹೊಲದ ಮೇಲೆ ಬಿರುಕು ಬಿಟ್ಟ ಒಣನೆಲ. ಎರಡನೆಯ ಕಾಡು ಬಂದೇ ಇರಲಿಲ್ಲ. ಸುಟ್ಟ ಕಾಡು ಅಲ್ಲಿಂದ ಮೇಲಿನ ಹತ್ತು ಹನ್ನೊಂದು ಅಡಿ ಮಣ್ಣಿನಲ್ಲಿ ಎಲ್ಲಿಯೂ ಮರಳಿರಲಿಲ್ಲ.

"ಅದೊಂದು ಬೇಸಿಗೆ ಬಿರುಕಲ್ಲ," ಎನ್ನುವಾಗ ಮುನಿಯಮ್ಮನವರ ದನಿ ಈಗಲೂ ಇಳಿಯುತ್ತದೆ. "ಮೊಳಕೈ ಆಳ ಇಳಿದಿತ್ತು. ಎಷ್ಟೋ ವರ್ಷ ಒಣಗಿದ್ರೇ ಹಂಗಾಗೋದು. ನಮ್ಮೂರಿನ ನೆಲಾನೇ ಅಲ್ವಾ ಅದು? ಆಗ ಇಲ್ಲಿದ್ದ ಜನ ಏನಾದ್ರೋ, ದನಕರು ಏನಾದ್ವೋ. ನಮ್ಮಜ್ಜಿ ಬಾಯಲ್ಲೂ ನಾನಿದನ್ನ ಕೇಳಿಲ್ಲ."

ಎಷ್ಟು ವರ್ಷದ ಹಿಂದಿನ ಮಾತಿದು ಎಂದು ಮೇಷ್ಟರನ್ನು ಕೇಳಿದರೆ, ತಮಗಾಗಲೀ ಸ್ವೀಡನ್ನಿನವರಿಗಾಗಲೀ ಹೇಳಲು ಬಾರದು ಎಂದು ಕೈ ಆಡಿಸುತ್ತಾರೆ.

ಮರುದಿನವೇ ಸ್ವೀಡನ್ನಿಗೆ ತಂತಿ ಹೋಯಿತು. ಅಷ್ಟರಲ್ಲಿ ಅಲ್ಲಿಯ ವಿಜ್ಞಾನಿ ಲೇಖನದ ಪ್ರತಿಯನ್ನು ಇಂಗ್ಲೆಂಡಿನ ಜೊತೆಗಾರರಿಗೆ ಕಳಿಸಿಬಿಟ್ಟಿದ್ದರು. ಹದಿನೈದು ದಿನ ಉತ್ತರವಿಲ್ಲ. ಆ ಹದಿನೈದು ದಿನವೂ ಮುನಿಯಮ್ಮ ಬಂದು ಲಾಯ ಗುಡಿಸಿದರು. ಮಣ್ಣು ಮುಟ್ಟಲು ಕೈ ಬರಲಿಲ್ಲ. ಕೊನೆಗೆ ವಿಮಾನದ ಅಂಚೆಯಲ್ಲಿ ಕಾಗದ ಬಂತು. ಆತ ತಮ್ಮ ಸೀಳನ್ನು ತೆಗೆದು ನೋಡಿದ್ದರು. ಬಿರುಕುಗಳನ್ನು ಮೊದಲೇ ಕಂಡಿದ್ದರೂ ಬೇರಿನ ಗುರುತೆಂದು ಬಗೆದಿದ್ದರು. ಲೇಖನ ಹಿಂದಕ್ಕೆ ಪಡೆದಿದ್ದೇನೆ, ಇನ್ನೊಂದು ಕಡೆ ಕೊಳವೆ ಇಳಿಸಿ, ಮಣ್ಣೆತ್ತುವುದು ಅದೇ ಕೈಯಾಗಿರಲಿ ಎಂದು ಬರೆದಿದ್ದರು.

ಮೇ ತಿಂಗಳಲ್ಲಿ, ಮೊದಲ ಜಾಗದಿಂದ ಹತ್ತು ಗಜ ದೂರ, ಮತ್ತೆ ಹದಿನೆಂಟು ಅಡಿ ಇಳಿಸಿದರು. ಈ ಸಲ ಕೊಳವೆ ನೆಲ ಬಿಡುವ ಮೊದಲೇ ಅದರ ಮೈಗೆ ದಾರ ಕಟ್ಟಿದರು. ಆರನೆಯ ಕೊಳವೆ ಬಂದಾಗ ಬೈಲಪ್ಪನವರೂ ಮೇಷ್ಟರೂ ಬಗ್ಗಿ ನೋಡಿದರು. ಕೆಳಗೆ ಕಪ್ಪು ಎಲೆಮಣ್ಣು, ನಡುವೆ ಇದ್ದಿಲು, ಮೇಲೆ ಬಾಯಿ ತೆರೆದ ಬಿರುಕು.

ಈಗ ಮುನಿಯಮ್ಮ ಪೊಟ್ಟಣ ಕಟ್ಟುತ್ತಿರುವುದು ಆ ಎರಡನೆಯ ಸಲದ ಮಣ್ಣನ್ನು. ದಿನಕ್ಕೆ ಹದಿನೆಂಟು ಪೊಟ್ಟಣ, ಒಟ್ಟು ನೂರೆಂಟು. ಪರಾಗ ಬಿಡಿಸಲೆಂದು ಈ ಸಲ ಇಲ್ಲೇ ಕ್ಷಾರದ ನೀರಿನಲ್ಲಿ ಮಣ್ಣು ಕುದಿಸಿ ಬೆರಳ ತುದಿಗಳು ಬಿಳಿಚಿವೆ. ಹೊಸ ಲೇಖನದಲ್ಲಿ ಇವರ ಹೆಸರು ಹಾಕುವುದೆಂದು ಮೂರು ದೇಶದವರೂ ಒಪ್ಪಿದ್ದಾರೆ. ತಿರುವಾದ ಕೊಳವೆಯ ಸಂಗತಿಯಲ್ಲಿ "ಮಳೆಯಿಂದಾದ ಪ್ರಮಾದ" ಎಂದಷ್ಟೇ ಬರೆದರೆ ಸಾಕೆಂದು ಮೇಷ್ಟರ ಮನಸ್ಸು. ಅದನ್ನು ಓದಿ ಹೇಳಿದಾಗ ಮುನಿಯಮ್ಮ ಚಾಕು ಕೆಳಗಿಡುತ್ತಾರೆ.

"ಮಳೆ ಮೇಲೆ ಯಾಕೆ ಹಾಕ್ತೀರಿ ಮೇಷ್ಟ್ರೇ? ನನ್ನ ಹೆಸರು ಬರೆದ್ರೆ ಎರಡನ್ನೂ ಬರೀರಿ. ತಿರುವಿಟ್ಟೋಳೂ ನಾನೇ, ಕಂಡು ಹೇಳ್ದೋಳೂ ನಾನೇ."