ಮುಷ್ಟಿ ಕೊಟ್ಟ ವೈಜಿನಾಥ

ವೈಜಿನಾಥನಿಗೆ ಸಂಖ್ಯೆಯನ್ನು ಬಾಯಿಂದ ಹೇಳುವ ಅಭ್ಯಾಸವೇ ಇರಲಿಲ್ಲ. ಬೀದರಿನ ಧಾನ್ಯದ ಪೇಟೆಯಾದ ಗಾಂಧಿ ಗಂಜದ ಚಹಾದಂಗಡಿಯಲ್ಲಿ ಎಷ್ಟು ಚಹಾ ಎಂದು ಕೇಳಿದರೆ ಅಂಗಡಿಯವನ ಕೈ ಹಿಡಿದು ಅಷ್ಟು ಬೆರಳು ಅದುಮುತ್ತಿದ್ದ. ನಮ್ಮ ಮನೆಗೆ ಊಟಕ್ಕೆ ಬಂದಾಗ ಇನ್ನೆಷ್ಟು ರೊಟ್ಟಿ ಎಂದು ನನ್ನ ಹೆಂಡತಿ ಕೇಳಿದರೆ, ಅವಳ ಕೈ ಹಿಡಿಯುವಂತಿಲ್ಲವಲ್ಲ, ಪಕ್ಕದಲ್ಲಿ ಕೂತ ನನ್ನ ಕೈ ಹಿಡಿದು ಅದುಮುತ್ತಿದ್ದ. ಅದನ್ನು ನಾನು ಬಾಯಿಂದ ಹೇಳಬೇಕಾಗಿತ್ತು. ಬಾಕ್ಸಿಂಗಿನಲ್ಲಿ ದೇಶದ ಚಾಂಪಿಯನ್ ಆದ ದಿನ ಟಿವಿಯ ಹುಡುಗಿಯೊಬ್ಬಳು ಮೈಕು ಹಿಡಿದು, ಇದು ನಿಮ್ಮ ಎಷ್ಟನೇ ಗೆಲುವು ಎಂದಾಗಲೂ ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಗ್ಲೌಸು ಇನ್ನೂ ಬಿಚ್ಚಿರಲಿಲ್ಲ. ಆಕೆ ಹೆದರಿ ಹಿಂದೆ ಸರಿದಳು.

ಈ ಚಾಳಿ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಮಾಣಿಕಪ್ಪ ಠಾಣಾ ಕುಶನೂರಿನವರು, ಭಾಲ್ಕಿಯ ದನದ ಸಂತೆಯಲ್ಲಿ ಹೆಸರಾದ ದಲಾಲ. ಅಲ್ಲಿ ದರ ಕೂಗುವಂತಿಲ್ಲ. ಕೊಳ್ಳುವವನ ಕೈ ಮತ್ತು ದಲಾಲನ ಕೈ ಒಂದು ಟವೆಲಿನ ಕೆಳಗೆ ಕೂಡುತ್ತವೆ. ಹಿಡಿದ ಬೆರಳೇ ದರ, ಕೈ ಹಿಂದಕ್ಕೆಳೆದರೆ ವ್ಯಾಪಾರವಿಲ್ಲ. ನನ್ನ ತಂಗಿಗೆಂದು ಎಮ್ಮೆ ಕೊಳ್ಳಲು, ಬೀದರಿನ ದವಾಖಾನೆಯೊಂದರ ಕಂಪೌಂಡರನಾದ ನಾನು ಹೋದಾಗ ಇದ್ಯಾವುದೂ ಗೊತ್ತಿರಲಿಲ್ಲ. ಮಾಣಿಕಪ್ಪ ಬೆರಳು ಒತ್ತಿದ್ದೇ ತಡ, ‘ಐದು ಬೆರಳಾ? ಅಷ್ಟೊಂದಾ?’ ಎಂದು ದರವನ್ನೇ ಸಂತೆಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಸುತ್ತ ನಿಂತವರು ನಕ್ಕರು. ಮಾಣಿಕಪ್ಪ ನಗಲಿಲ್ಲ.

‘ಕಂಪೌಂಡರ್ ಸಾಬ್, ಟವೆಲ್ ಕೆಳಗ ಆಗಿದ್ದು ಅಲ್ಲೇ ಸಾಯಬೇಕ್ರಿ. ಹೊರಗ ಬಂದ್ರ ನಾಳಿ ಯಾರೂ ನನ್ನ ಕೈಯಾಗ ಕೈ ಇಡಂಗಿಲ್ಲ’ ಎಂದರು.

ನನಗೆ ನಾಚಿಕೆಯಾಯಿತು. ಮತ್ತೆ ಟವೆಲಿನ ಕೆಳಗೆ ಕೈ ಇಟ್ಟೆ. ಯಾವ ಬೆರಳು ಹಿಡಿಯಬೇಕೆಂದು ತಿಳಿಯದೆ ಬೇಸತ್ತು, ಕೊನೆಗೆ ಬೆರಳೆಲ್ಲ ಮಡಚಿ ಮುಷ್ಟಿಯನ್ನೇ ಅವರ ಅಂಗೈಯಲ್ಲಿ ಇಟ್ಟುಬಿಟ್ಟೆ. ಅವರ ಮುಖ ಗಂಭೀರವಾಯಿತು. ಟವೆಲು ತೆಗೆದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ‘ನೀವು ಮುಷ್ಟಿ ಕೊಟ್ರಿ. ಅಂದ್ರ ಇನ್ನ ದರ ಹೇಳೋದು ನಿಮ್ದಲ್ಲ, ನಂದು. ನನ್ನ ಮಗಳ ಮನಿಗಿ ಎಮ್ಮಿ ತಗೊಂಡಂಗ ನಾ ತಗೋಬೇಕು. ಮುಷ್ಟಿ ಕೊಟ್ಟವ್ರಿಗಿ ಮೋಸ ಮಾಡಿದ್ರ ದಲಾಲಿ ಬಿಟ್ಟು ಮನ್ಯಾಗ ಕೂಡಬೇಕ್ರಿ.’

ಹಾಗೆಯೇ ಮಾಡಿದರು. ಆ ಎಮ್ಮೆ ತಂಗಿಯ ಮನೆಯಲ್ಲಿ ಬಹಳ ವರ್ಷ ಹಾಲು ಕರೆಯಿತು. ಅದರ ಹಗ್ಗ ಹಿಡಿದು ನಿಂತು, ನನ್ನ ಫಜೀತಿ ನೋಡಿ ತುಟಿ ಕಚ್ಚಿಕೊಂಡು ನಗುತ್ತಿದ್ದ ಹರೆಯದ ಹುಡುಗನೇ ವೈಜಿನಾಥ.

ಮುಂದೆ ಅವನು ಬೀದರಿಗೆ ಬಂದ. ಬೆಳಿಗ್ಗೆ ಗಂಜದಲ್ಲಿ ತೊಗರಿ ಮೂಟೆ ಇಳಿಸುವುದು, ಸಂಜೆ ತಾಲೀಮಿನ ಗರಡಿಯಲ್ಲಿ ಕುಸ್ತಿ. ತಾಲೀಮಿನ ಉಸ್ತಾದ್ ಖಾಜಾ ಮಿಯಾ ಫೌಜಿನಲ್ಲಿದ್ದಾಗ ಬಾಕ್ಸಿಂಗ್ ಕಲಿತವರು. ಇವನ ಭುಜ ನೋಡಿ ಗ್ಲೌಸು ತೊಡಿಸಿದರು. ಗಂಜದ ಪಕ್ಕದ ದವಾಖಾನೆಯಲ್ಲಿ ನಾನು ಕಂಪೌಂಡರ್. ಹುಬ್ಬು ಹರಿದುಕೊಂಡು, ತುಟಿ ಒಡೆದುಕೊಂಡು ಅವನು ಬರುವುದು, ನಾನು ಬೈಯುತ್ತ ಪಟ್ಟಿ ಕಟ್ಟುವುದು, ಹೀಗೇ ನಡೆದಿತ್ತು. ಒಂದು ದಿನ ಉಸ್ತಾದರೇ ಬಂದು, ‘ಹಮ್ನಾ ಏಕ್ ಖೂನ್ ರೋಕ್ನೇ ವಾಲಾ ಹೋನಾ’ ಎಂದರು. ರಕ್ತ ನಿಲ್ಲಿಸುವವನೊಬ್ಬ ಬೇಕಂತೆ, ಅದು ನಾನೇ ಆಗಬೇಕಂತೆ. ಒಲ್ಲೆ ಎನ್ನಬೇಕಾಗಿತ್ತು, ಎನ್ನಲಿಲ್ಲ.

ಹೊಡೆದಾಟವೆಂದರೆ ನನಗೆ ಆಗಿಬರುವುದಿಲ್ಲ. ರಕ್ತ ಎಷ್ಟು ಬಂದರೂ ನನ್ನ ಕೈ ನಡುಗದು, ಆದರೆ ಆ ಪೆಟ್ಟು ಬೀಳುವುದನ್ನು ನೋಡಲಾರೆ. ರೌಂಡು ನಡೆಯುವಷ್ಟು ಹೊತ್ತೂ ರಿಂಗಿನ ಕೆಳಗೆ ನೆಲ ನೋಡುತ್ತ ನಿಲ್ಲುತ್ತಿದ್ದೆ. ಗಂಟೆ ಬಾರಿಸಿದ ಮೇಲೆ ಸ್ಟೂಲಿಗೆ ಬಂದು ಕೂತ ವೈಜಿನಾಥ ಏದುಸಿರು ಬಿಡುತ್ತಲೇ ನನ್ನನ್ನು ಛೇಡಿಸುತ್ತಿದ್ದ: ‘ಡಾಕ್ಟರ್ ಸಾಬ್, ರಕ್ತ ನಂದು, ಹೆದರ್ಕಿ ನಿಮ್ದಾ?’ ನಾನು ಕಂಪೌಂಡರನೆಂದು ಗೊತ್ತಿದ್ದೂ ಅವನು ಡಾಕ್ಟರ್ ಸಾಬ್ ಅನ್ನುವುದನ್ನು ಬಿಡಲಿಲ್ಲ. ನಾಲ್ಕು ಜನರೆದುರು ಹಾಗೆ ಕರೆದಾಗ ನನಗೂ ಒಳಗೊಳಗೆ ಖುಷಿಯೇ ಆಗುತ್ತಿತ್ತು ಅನ್ನಿ.

ಪ್ರತಿ ಪಂದ್ಯಕ್ಕೂ ಅವನದೊಂದು ಪದ್ಧತಿ. ಕೈಗೆ ಪಟ್ಟಿ ಸುತ್ತಿಯಾದ ಮೇಲೆ, ಗ್ಲೌಸು ಹಾಕುವ ಮುಂಚೆ, ನನ್ನ ಹೆಗಲ ಮೇಲಿನ ಟವೆಲು ಎಳೆದು ನಮ್ಮಿಬ್ಬರ ಕೈ ಮುಚ್ಚುತ್ತಿದ್ದ. ಎಷ್ಟನೇ ರೌಂಡಿಗೆ ಎದುರಾಳಿಯನ್ನು ಮಲಗಿಸುತ್ತೇನೆಂದು ಬೆರಳು ಒತ್ತುತ್ತಿದ್ದ. ಸುಮಾರಾಗಿ ಅದೇ ರೌಂಡಿಗೆ ಮಲಗಿಸುತ್ತಲೂ ಇದ್ದ. ಹೈದರಾಬಾದಿನಲ್ಲಿ ದೇಶದ ಚಾಂಪಿಯನ್ ಬೆಲ್ಟಿಗಾಗಿ ಆಡಿದ ದಿನ ನಾಲ್ಕು ಬೆರಳು ಒತ್ತಿದ. ನಾಲ್ಕನೆಯ ರೌಂಡಿನಲ್ಲಿ ಧಪ್ಪೆಂದು ಯಾರೋ ಬಿದ್ದ ಸದ್ದಾಯಿತು. ನೆಲ ನೋಡುತ್ತಿದ್ದ ನನಗೆ ಬಿದ್ದವರು ಯಾರೆಂದು ತಿಳಿಯದೆ ಜೀವ ಬಾಯಿಗೆ ಬಂದಿತ್ತು. ತಲೆ ಎತ್ತಿದರೆ ಇವನು ನಿಂತಿದ್ದ.

ಬೆಲ್ಟು ಬಂದ ಮೇಲೆ ಔರಾದಿನಿಂದ ಬೀದರಿನವರೆಗೆ ಅವನ ಫೋಟೋ ಹಾಕಿದ ಬ್ಯಾನರುಗಳು ಎದ್ದವು. ಗಂಜದ ಹಮಾಲರಂತೂ ತಾವೇ ಗೆದ್ದವರಂತೆ ತಿರುಗಿದರು. ಆ ಬೆಲ್ಟನ್ನು ಅವನು ಮತ್ತೆ ಮತ್ತೆ ಆಡಿ ಉಳಿಸಿಕೊಂಡ. ಅಷ್ಟರಲ್ಲಿ ಉಸ್ತಾದರು ತೀರಿಕೊಂಡರು, ರಿಂಗಿನಲ್ಲಿ ಅವನ ಮೂಲೆಯ ಯಜಮಾನಿಕೆ ನನ್ನ ತಲೆಗೆ ಬಂತು. ಸೋಲೊಪ್ಪಿ ಪಂದ್ಯ ನಿಲ್ಲಿಸಬೇಕೆಂದರೆ ರಿಂಗಿನೊಳಗೆ ಟವೆಲು ಎಸೆಯಬೇಕಾದವನೂ ಈಗ ನಾನೇ. ಮರುವರ್ಷ ಮಾಣಿಕಪ್ಪನವರೂ ಹೋದರು. ಅವರ ಕೆಂಪು ಅಂಚಿನ ಟವೆಲನ್ನು ವೈಜಿನಾಥ ತಂದು ನನ್ನ ಹೆಗಲಿಗೆ ಹಾಕಿದ. ‘ಇನ್ನ ಇದೇ ಹಾಕೋರಿ’ ಎಂದನಷ್ಟೆ.

ಆಮೇಲೆ ಕಣ್ಣಿನದು ಶುರುವಾಯಿತು. ಎಡಗಣ್ಣಿನಲ್ಲಿ ಮಿಂಚು ಹೊಡೆದಂತಾಗುತ್ತದೆ ಎಂದು ಒಂದು ದಿನ ಮೆಲ್ಲಗೆ ಹೇಳಿದ. ಹೈದರಾಬಾದಿನ ಕಣ್ಣಿನ ಡಾಕ್ಟರು ನೋಡಿ, ಕಣ್ಣಿನ ಹಿಂದಿನ ಪರದೆ ಹರಿದಿದೆ ಎಂದರು. ಲೇಸರ್ ಮಾಡಿ ಕೂಡಿಸಿದರು. ಹಲವು ತಿಂಗಳು ಬಿಟ್ಟು ಪರೀಕ್ಷೆ ಮಾಡಿ ಆಡಲು ಒಪ್ಪಿಗೆಯನ್ನೂ ಕೊಟ್ಟರು, ಆದರೆ ಹೊರಡುವಾಗ ಕೂರಿಸಿಕೊಂಡು ಎಚ್ಚರಿಸಿದರು. ಕಣ್ಣಿನ ಅಂಚಿನಲ್ಲಿ ಕರಿ ತೆರೆ ಇಳಿದಂತೆ ಕಂಡರೆ ಆ ಕ್ಷಣವೇ ನಿಲ್ಲಿಸಬೇಕು, ಅದರ ಮೇಲೆ ಇನ್ನೊಂದು ಜೋರು ಪೆಟ್ಟು ಬಿದ್ದರೆ ಆ ಕಣ್ಣು ಶಾಶ್ವತವಾಗಿ ಹೋದಂತೆಯೇ. ಆ ತೆರೆ ಹೊರಗಿನವರಿಗೆ ಕಾಣುವುದಿಲ್ಲ. ಅದು ಇಳಿಯಿತೆಂದು ಹೇಳಬಲ್ಲವನು ಅವನೊಬ್ಬನೇ.

‘ಬಿಟ್ಟುಬಿಡು’ ಎಂದೆ.

‘ಬೀದರದಾಗ ಒಮ್ಮಿ ಆಡಿ ಬಿಡ್ತೇನಿ, ಡಾಕ್ಟರ್ ಸಾಬ್. ನಮ್ಮ ಮಂದಿ ನನ್ನ ಟಿವ್ಯಾಗ ಅಷ್ಟೇ ನೋಡ್ಯಾರ.’

‘ತೆರೆ ಇಳಿದರೆ ಹೇಳುತ್ತೀಯಾ?’

‘ಹೇಳ್ತೇನಿ ಬಿಡ್ರಿ.’

ಅವನು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಬಾಯಿಂದ ಸಂಖ್ಯೆ ಹೇಳಲಾರದವನು ಸೋಲನ್ನು ಹೇಳುತ್ತಾನೆಯೇ? ಅಂದಿನಿಂದ ಅವನನ್ನು ಕಂಡಾಗಲೆಲ್ಲ ಅವನ ಬಲಗಣ್ಣು ಮುಚ್ಚಿ, ನನ್ನ ಬೆರಳು ತೋರಿಸಿ ಎಷ್ಟೆಂದು ಕೇಳುವುದು ನನ್ನ ಚಾಳಿಯಾಯಿತು. ಅವನು ಅಷ್ಟೇ ಬೆರಳು ಎತ್ತಿ ತೋರಿಸುತ್ತಿದ್ದ.

ಕೋಟೆಯ ಹತ್ತಿರದ ಮೈದಾನದಲ್ಲಿ ರಿಂಗು ಎದ್ದಿತು. ಭಾಲ್ಕಿ, ಔರಾದ, ಚಿಂತಾಕಿ ಕಡೆಯಿಂದ ಟೆಂಪೋ ಕಟ್ಟಿಕೊಂಡು ಜನ ಬಂದಿದ್ದರು. ಗಂಜದ ಹಮಾಲರು ಮುಂದಿನ ಸಾಲಿನಲ್ಲೇ ಕೂತಿದ್ದರು, ಅವರ ಮುಂದಾಳು ಶಂಕ್ರಪ್ಪ ಹಲಗೆ ಹೊಡೆಸುತ್ತಿದ್ದ. ಒಳಗೆ ನಾನು ಪಟ್ಟಿ ಸುತ್ತಿ ಮುಗಿಸಿದೆ. ವೈಜಿನಾಥ ಎಂದಿನಂತೆ ಟವೆಲು ಎಳೆದು ಕೈ ಮುಚ್ಚಿದ. ಬೆರಳಿಗಾಗಿ ಕಾದೆ. ಅವನ ಬೆರಳುಗಳು ನನ್ನ ಅಂಗೈ ಮೇಲೆ ಸುಮ್ಮನೆ ಇದ್ದವು. ಆಮೇಲೆ ಕೈ ಹಿಂದಕ್ಕೆಳೆದುಕೊಂಡ. ಏನೂ ಆಗದವನಂತೆ ಗ್ಲೌಸಿಗೆ ಕೈ ಚಾಚಿದ. ರೌಂಡು ಹೇಳದವನ ಕೈಗೆ ಗ್ಲೌಸು ತೊಡಿಸಿದೆ.

ಅಂದು ಮಾತ್ರ ನಾನು ನೆಲ ನೋಡಲಿಲ್ಲ. ಪ್ರತಿ ಪೆಟ್ಟನ್ನೂ ನೋಡಿದೆ. ಮೊದಲ ರೌಂಡುಗಳಲ್ಲಿ ಅವನದೇ ಮೇಲುಗೈ, ಅದು ನನಗೂ ಗೊತ್ತು, ಕೂತ ಜನಕ್ಕೂ ಗೊತ್ತು. ಎದುರಾಳಿ ಪುಣೆಯ ಕಡೆಯವನು, ಎತ್ತರದ ಆಳು, ಎಡಗಣ್ಣನ್ನೇ ಹುಡುಕುತ್ತಿದ್ದ. ಆರನೆಯ ರೌಂಡಿನಲ್ಲಿ ಅವನ ಬಲಗೈ ಹುಡುಕುತ್ತಿದ್ದುದನ್ನು ಕಂಡುಕೊಂಡಿತು. ವೈಜಿನಾಥ ಬೀಳಲಿಲ್ಲ, ತಿರುಗಿ ಹೊಡೆದ ಕೂಡ, ಆದರೆ ಆ ಹೊಡೆತ ಗಾಳಿಗೆ ಹೋಯಿತು. ಅವನ ಹೊಡೆತ ಹಾಗೆ ದಾರಿ ತಪ್ಪಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಗಂಟೆ ಬಾರಿಸಿತು. ಸ್ಟೂಲಿನ ಮೇಲೆ ಕೂತ. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಅದನ್ನು ಒತ್ತಿ ಹಿಡಿದು ಕೇಳಿದೆ: ‘ತೆರೆ ಇಳಿದಿದೆಯಾ?’

‘ಏನೂ ಇಲ್ಲರಿ’ ಎಂದ. ಅವನ ಬಾಯಿಯ ಹತ್ತಿರವೇ ಕ್ಯಾಮರಾ ಹಿಡಿದವನಿದ್ದ. ಸುತ್ತ ಊರೆಲ್ಲ ಅವನ ಹೆಸರು ಕೂಗುತ್ತಿತ್ತು.

‘ವೈಜು, ನನ್ನ ಕಡೆ ನೋಡು.’

ಅವನು ನೋಡಲಿಲ್ಲ. ಎದುರು ಮೂಲೆಯನ್ನೇ ನೋಡುತ್ತಿದ್ದ. ರೆಫರಿ ಸಿದ್ಧರಾಗಿ ಎಂದು ಕೂಗಿದ. ಆಗ ನನ್ನ ಹೆಗಲಿನಿಂದ ಜಾರಿ ಮೊಣಕೈ ಮೇಲೆ ಬಿದ್ದಿದ್ದ ಟವೆಲಿನ ಕೆಳಗೆ ಏನೋ ಸರಿದಾಡಿತು. ಅವನ ಬಲಗೈ. ಗ್ಲೌಸಿನೊಳಗಿನ ಬೆರಳು ಏನು ಮಾತಾಡೀತು? ಆದರೂ ಆ ಕೈ ನನ್ನ ಅಂಗೈಯನ್ನು ಹುಡುಕಿ ಬಂದು ಕೂತಿತು. ಇಡೀ ಮುಷ್ಟಿ. ಅದುಮಲಿಲ್ಲ, ಅಲುಗಲಿಲ್ಲ, ಭಾರವಾಗಿ ಕೂತಿತು. ಮುಖದಲ್ಲಿ ಏನೂ ಇರಲಿಲ್ಲ. ಅವರಪ್ಪನ ಮಗ.

ನಾನು ಆ ಕೈಯನ್ನು ಹಿಡಿದುಕೊಂಡೆ. ಭಾಲ್ಕಿಯ ಸಂತೆ ನೆನಪಾಯಿತು. ಇನ್ನು ದರ ಅವನದಲ್ಲ, ನನ್ನದು. ಗಂಟೆ ಬಾರಿಸಿತು, ಅವನು ಎದ್ದು ನಿಂತ. ಅವನು ಮುಂದೆ ಕಾಲಿಡುವಷ್ಟರಲ್ಲಿ ಮಾಣಿಕಪ್ಪನವರ ಟವೆಲನ್ನು ರಿಂಗಿನ ನಡುವೆ ಎಸೆದೆ.

ರೆಫರಿ ಪಂದ್ಯ ನಿಲ್ಲಿಸಿ ಎದುರಾಳಿಯ ಕೈ ಎತ್ತಿದ. ಆಮೇಲೆ ನೀರಿನ ಬಾಟಲಿಗಳು ಬಂದವು, ಚಪ್ಪಲಿಗಳು ಬಂದವು. ನಮ್ಮಿಬ್ಬರನ್ನೂ ಪೊಲೀಸರು ಬಳಸಿಕೊಂಡು ಹೊರಗೆ ತಂದರು. ಟವೆಲು ಅಲ್ಲೇ ಯಾರದೋ ಕಾಲಡಿ ಉಳಿಯಿತು. ಕಾರಿನಲ್ಲಿ ಹೈದರಾಬಾದಿಗೆ ಹೋಗುವಾಗ ಅವನು ಒಂದೇ ಮಾತು ಹೇಳಿದ: ‘ಅರ್ಧಾ ಕಣ್ಣು ಕತ್ತಲಾಗ್ಯದ್ರಿ.’ ಡಾಕ್ಟರು ಆಪರೇಷನ್ ಮಾಡಿದರು. ಇನ್ನೊಂದು ಪೆಟ್ಟು ಬಿದ್ದಿದ್ದರೆ ನಮ್ಮ ಕೈಲೂ ಏನೂ ಇರುತ್ತಿರಲಿಲ್ಲ, ಈಗಲೂ ಎಷ್ಟು ಉಳಿಯುತ್ತದೋ ಕಾದು ನೋಡಬೇಕು ಎಂದರು.

ಬೀದರಿಗೆ ಬಂದರೆ ಕಂಪೌಂಡರ್ ಬೆಲ್ಟು ಮಾರಿಕೊಂಡ ಎಂದು ಊರೆಲ್ಲ ಸುದ್ದಿ. ಗೆಲ್ಲುತ್ತಿದ್ದವನನ್ನು ಸೋಲಿಸಿದ ಹೇಡಿ ನಾನು. ಹಮಾಲರು ಕೈಗೆ ಗಾಯವಾದರೂ ನಮ್ಮ ದವಾಖಾನೆ ದಾಟಿಕೊಂಡು ಬೇರೆ ಕಡೆ ಹೋದರು. ಶಂಕ್ರಪ್ಪ ಒಂದು ದಿನ ಬಾಗಿಲಲ್ಲೇ ನಿಂತು, ‘ಅಂವ ಏನೂ ಇಲ್ಲ ಅಂದಿದ್ದು ಟಿವ್ಯಾಗ ಎಲ್ಲಾರೂ ಕೇಳ್ಯಾರ. ನೀವು ಯಾಕ ಒಗದ್ರಿ?’ ಎಂದು ಕೇಳಿದ. ನಾನು ತಲೆ ಬಗ್ಗಿಸಿ ಪಟ್ಟಿ ಕತ್ತರಿಸುತ್ತ ಕೂತೆ. ಟವೆಲಿನ ಕೆಳಗೆ ಆದದ್ದು ಅಲ್ಲೇ ಸಾಯಬೇಕು. ಆದರೆ ನನಗೆ ಸಂಕಟವಾಗುತ್ತಿತ್ತು, ವೈಜಿನಾಥನ ಮೇಲೆ ಸಿಟ್ಟೂ ಬರುತ್ತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಶನೂರಿನಲ್ಲಿ ಕೂತವನು ಒಂದು ಮಾತು ಆಡಬಾರದಿತ್ತೇ ಎಂದು ರೊಟ್ಟಿ ಮುರಿಯುತ್ತ ಹೆಂಡತಿಯ ಮುಂದೆ ಗೊಣಗುತ್ತಿದ್ದೆ.

ಅವನಿಗೆ ಪುಣೆಯಲ್ಲಿ ಹೊಸ ಹುಡುಗರಿಗೆ ಕಲಿಸುವ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ದವಾಖಾನೆಗೆ ಬಂದ. ‘ಚಹಾ ಕುಡಿಯೋಣ ಬರ್ರಿ’ ಎಂದು ಗಂಜಕ್ಕೇ ಎಳೆದುಕೊಂಡು ಹೋದ. ಶಂಕ್ರಪ್ಪನೂ ಅವನ ಸಂಗಡಿಗರೂ ಲಾರಿಯ ನೆರಳಲ್ಲಿ ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ಅಂಗಡಿಯವನು ಎಂದಿನಂತೆ ಕೈ ಮುಂದೆ ಮಾಡಿದ. ವೈಜಿನಾಥ ಆ ಕೈ ಹಿಡಿಯಲಿಲ್ಲ.

‘ಆರು ಚಹಾ ಕೊಡ್ರಿ’ ಎಂದ, ಬಾಯಿಂದ, ಗಟ್ಟಿಯಾಗಿ. ಎಲ್ಲರೂ ತಿರುಗಿದರು.

‘ಶಂಕ್ರಣ್ಣ, ಕೇಳ್ರಿ. ಡಾಕ್ಟರ್ ಸಾಬ್ ತಾವಾಗಿ ಟವೆಲ್ ಒಗ್ದಿಲ್ಲ. ಟವೆಲ್ ಕೆಳಗ ನಾನೇ ಮುಷ್ಟಿ ಕೊಟ್ಟಿದ್ದೆ. ಕಣ್ಣ ಕಾಣವಲ್ದಾಗಿತ್ತು. ಹೆದರಿದ್ದು ನಾನು.’

ಗಂಜದಲ್ಲಿ ಮುಷ್ಟಿ ಕೊಡುವುದೆಂದರೆ ಏನೆಂದು ತಿಳಿಯದವರು ಯಾರೂ ಇರಲಿಲ್ಲ. ಶಂಕ್ರಪ್ಪ ಎದ್ದು ತಾನು ಕೂತಿದ್ದ ಮೂಟೆಯನ್ನು ಝಾಡಿಸಿ, ನನ್ನ ಕಡೆ ನೋಡಿ, ‘ಕೂಡ್ರಿ’ ಎಂದ.

‘ನಿಮ್ಮಪ್ಪ ಇದ್ದಿದ್ದರೆ ನಿನ್ನ ಕೈಯಲ್ಲಿ ಇನ್ನು ಕೈ ಇಡುತ್ತಿರಲಿಲ್ಲ’ ಎಂದೆ ನಾನು.

‘ಗೊತ್ತದರಿ’ ಎಂದ ಅವನು. ‘ಅದಕ್ಕೇ ಇಷ್ಟ ದಿನಾ ತಡಾ ಆಯ್ತು.’

ಬಸ್ ಸ್ಟ್ಯಾಂಡಿಗೆ ಹೋಗಿ ಬಿಟ್ಟುಬಂದೆ. ಅವನು ಕಿಟಕಿಯ ಪಕ್ಕ ಕೂತ. ಬಸ್ಸು ಹಿಂದಕ್ಕೆ ಸರಿಯತೊಡಗಿದಾಗ ನನಗೆ ತಡೆಯಲಾಗಲಿಲ್ಲ, ಕೆಳಗಿನಿಂದಲೇ ಮೂರು ಬೆರಳು ಎತ್ತಿ ಹಿಡಿದೆ. ಅವನು ನಗುತ್ತ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದ. ಎಡಗಣ್ಣು ಕಿರಿದು ಮಾಡಿ ನೋಡಿದ. ನಗು ನಿಂತಿತು. ಕತ್ತು ಮುಂದೆ ಚಾಚಿ ಮತ್ತೆ ನೋಡಿದ. ಬಸ್ಸು ತಿರುಗುತ್ತಿತ್ತು, ನಾನು ಕೈ ಎತ್ತಿ ಹಿಡಿದುಕೊಂಡೇ ಜೊತೆಗೆ ಓಡಿದೆ. ಗೇಟು ದಾಟುವ ಹೊತ್ತಿಗೆ ಕಿಟಕಿಯಿಂದ ಅವನ ಕೈ ಹೊರಗೆ ಬಂತು. ಒಂದು ಬೆರಳು ಎದ್ದಿತು, ಎರಡನೆಯದು ಎದ್ದಿತು. ತುಸು ತಡೆದು ಮೂರನೆಯದೂ ಎದ್ದಿತು.